ಬೆಟ್ಟದ ಪೆಟ್ಟಿಗೆ ಸತ್ತಿದೆ ಅಂತ ಹೇಳುವವರು ಯಾರು?

ಶಿರಸಿ ಪೇಟೆಯಿಂದ ಸಾಕಷ್ಟು ಒಳಗೆ ನಮ್ಮೂರು. ಮೂವತ್ತೆಂಟು ಮನೆ, ನಡುವೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ಬೆಟ್ಟದ ನೆತ್ತಿಯಲ್ಲೊಂದು ಕಬ್ಬಿಣದ ಕಂಬ, ಅದರಲ್ಲಿ ನೆಟ್ ಹಂಚುವ ಪೆಟ್ಟಿಗೆ ಅಂದರೆ ರೌಟರ್, ಬ್ಯಾಟರಿ, ಸೋಲಾರ್ ಹಲಗೆ. ಪೇಟೆಯ ಸಂಪರ್ಕ ಗಾಳಿಯಲ್ಲಿ ಅಲ್ಲಿಗೆ ಬಂದು, ಅಲ್ಲಿಂದ ಮನೆಗಳಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಅದು ಕೈಕೊಟ್ಟರೆ ಹತ್ತುವವನು ನಾನು. ಮುಕ್ಕಾಲು ತಾಸಿನ ದಾರಿ, ಇಳಿದು ಬರುವಷ್ಟರಲ್ಲಿ ಕಾಲಿಗೆ ಏಳೆಂಟು ಉಂಬಳ. ಹಾಗಾಗಿ ಮೂರು ಮಳೆಗಾಲದಿಂದ ನನ್ನದು ಒಂದೇ ಹಟ: ಬಿದ್ದ ಪೆಟ್ಟಿಗೆ ತಾನೇ ಏಳಬೇಕು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಕ್ರಾನ್‌ನಲ್ಲಿ ಒಂದು ಸಾಲು, ದಿನಾ ನಸುಕಿನ ನಾಲ್ಕಕ್ಕೆ ರೀಬೂಟ್. ನಗಬೇಡಿ, ಇದಕ್ಕೆ ಸಾಫ್ಟ್‌ವೇರ್ ರೆಜುವಿನೇಶನ್ ಅಂತ ಮರ್ಯಾದೆಯ ಹೆಸರೂ ಇದೆ. 1995ರಲ್ಲಿ ಬೆಲ್ ಲ್ಯಾಬ್ಸ್‌ನವರು ಲೆಕ್ಕ ಹಾಕಿಯೇ ಬರೆದಿದ್ದರು. ಮೆಮೊರಿ ಸೋರುವ ಪ್ರೋಗ್ರಾಂ ತಾನಾಗಿ ಕುಸಿಯುವ ಮೊದಲೇ ಹೊತ್ತು ನೋಡಿ ನಾವೇ ನಿಲ್ಲಿಸಿ ಮತ್ತೆ ಎಬ್ಬಿಸುವ ಉಪಾಯ. 64 ಎಂಬಿ ಮೆಮೊರಿಯ ನನ್ನ ಹಳೇ ಪೆಟ್ಟಿಗೆಗೆ ಅದು ಒಗ್ಗಿತು ಕೂಡ. ಆದರೆ ಕೆಳಮನೆ ಅಜ್ಜಿ ನಾಲ್ಕಕ್ಕೇ ಎದ್ದು ಯೂಟ್ಯೂಬಿನಲ್ಲಿ ಸುಪ್ರಭಾತ ಹಾಕುತ್ತಾರೆ. "ತಮಾ, ದೇವರು ಏಳೋ ಹೊತ್ತಿಗೇ ನಿನ್ನ ನೆಟ್ಟು ಮಲಗ್ತಲ!" ಅಂದರು, ಎರಡೂವರೆಗೆ ಬದಲಿಸಿದೆ. ಅದಕ್ಕಿಂತ ದೊಡ್ಡ ತಕರಾರು ಬೇರೆ. ಪೆಟ್ಟಿಗೆಯನ್ನು ನಡೆಸುವ ಓಪನ್‌ಡಬ್ಲ್ಯೂಆರ್‌ಟಿ ಎಂಬ ಸಾಫ್ಟ್‌ವೇರ್ ಲಾಗನ್ನು, ಅಂದರೆ ನಡೆದದ್ದರ ದಿನಚರಿಯನ್ನು, ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ರೀಬೂಟ್ ಆಯಿತೆಂದರೆ ನಿನ್ನೆಯ ಸಾಕ್ಷಿಯೆಲ್ಲ ತೊಳೆದುಹೋಯಿತು. ರೋಗ ಯಾವುದೆಂದು ತಿಳಿಯದೆ ದಿನಾ ಕಷಾಯ ಕುಡಿಸಿದ ಹಾಗೆ.

ಎರಡನೆಯದು ಹಾರ್ಡ್‌ವೇರ್ ವಾಚ್‌ಡಾಗ್. ಚಿಪ್ಪಿನೊಳಗೆ ಒಂದು ಟೈಮರ್. ಸಾಫ್ಟ್‌ವೇರ್ ಐದು ಸೆಕೆಂಡಿಗೊಮ್ಮೆ ಅದನ್ನು ತಟ್ಟುತ್ತಿರಬೇಕು, ತಟ್ಟದೆ 30 ಸೆಕೆಂಡು ಕಳೆದರೆ ಅದು ಯಾರನ್ನೂ ಕೇಳದೆ ರೀಸೆಟ್ ಮಾಡುತ್ತದೆ. ಮನೆ ಜಗುಲಿಯಲ್ಲಿ ಪರೀಕ್ಷೆ ಮಾಡಿದೆ. ತಟ್ಟುವುದನ್ನು ಬೇಕೆಂದೇ ನಿಲ್ಲಿಸಿ ಗಡಿಯಾರ ಹಿಡಿದು ಕೂತರೆ ಅರ್ಧ ನಿಮಿಷಕ್ಕೆ ದೀಪಗಳೆಲ್ಲ ಆರಿದವು, ಮತ್ತೊಂದೂವರೆ ನಿಮಿಷಕ್ಕೆ ನೆಟ್ ವಾಪಸ್. ಎಲ್ಲ ಪ್ರೋಗ್ರಾಂಗಳನ್ನು ನಡೆಸುವ ತಿರುಳಾದ ಕರ್ನಲ್ಲೇ ಹೆಪ್ಪುಗಟ್ಟಿದಾಗ ಇದಕ್ಕೆ ಸಾಟಿ ಇಲ್ಲ. ಇದು ಇಲ್ಲದ ಪೆಟ್ಟಿಗೆಯನ್ನು ಬೆಟ್ಟಕ್ಕೆ ಒಯ್ಯಲೇಬೇಡಿ.

ಇದರ ತಮ್ಮನೊಬ್ಬನಿದ್ದಾನೆ, ಪಿಂಗ್ ವಾಚ್‌ಡಾಗ್. ದೂರದ ಒಂದು ವಿಳಾಸಕ್ಕೆ ಪಿಂಗ್, ಅಂದರೆ 'ಇದ್ದೀಯಾ?' ಅನ್ನುವ ಪುಟ್ಟ ಸಂದೇಶ, ಕಳಿಸುತ್ತಾ ಇರುವುದು, ಸಾಲಾಗಿ ಉತ್ತರ ಬರದಿದ್ದರೆ ರೀಬೂಟ್. ನಾನು ಕೊಟ್ಟಿದ್ದು ಪೇಟೆಯಾಚೆಯ ವಿಳಾಸ. ಆ ಜುಲೈನಲ್ಲಿ ದೇವಿಮನೆ ಘಟ್ಟದಲ್ಲಿ ಮರ ಬಿದ್ದು ಕೇಬಲ್ ಹರಿಯಿತು. ನಮ್ಮ ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಆದರೂ ಇಡೀ ರಾತ್ರಿ ಐದಾರು ನಿಮಿಷಕ್ಕೊಮ್ಮೆ ತಲೆ ಚಚ್ಚಿಕೊಂಡಿತು. ಊರೊಳಗಿನ ಮನೆಮನೆ ಸಂಪರ್ಕ, ತೋಟದ ಕ್ಯಾಮೆರಾ ಎಲ್ಲ ಸುಮ್ಮನೆ ಬಂದ್. ಮರುದಿನವೇ ಕಿತ್ತು ಹಾಕಿದೆ.

ಹೆಚ್ಚು ಪಾಠ ಕಲಿಸಿದ್ದು ಮೂರನೆಯದು. ಪೆಟ್ಟಿಗೆಯನ್ನು ಮುಟ್ಟದೆ, ಸತ್ತ ಪ್ರೋಗ್ರಾಂ ಒಂದನ್ನೇ ಎಬ್ಬಿಸುವುದು. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಈ ಕೆಲಸ ಪ್ರೊಕ್‌ಡಿ ಎಂಬ ಮೇಲ್ವಿಚಾರಕ ಪ್ರೋಗ್ರಾಂನದು. ಒಂದು ರಾತ್ರಿ ಎಂಟೂವರೆಗೆ ಫೋನು ಶುರುವಾಯಿತು. ನೆಟ್ ಇದೆ, ಆದರೆ ಇಲ್ಲ! ನಾನು ಪಿಂಗ್ ಮಾಡಿದರೆ ಬೆಟ್ಟ ಉತ್ತರಿಸುತ್ತದೆ. ವಾಚ್‌ಡಾಗ್‌ಗೆ ತಪ್ಪದೆ ತಟ್ಟು ಸಿಗುತ್ತಿದೆ, ಅದರ ಲೆಕ್ಕದಲ್ಲಿ ಎಲ್ಲ ಕ್ಷೇಮ. ಆದರೆ ಒಂದೇ ಒಂದು ವೆಬ್‌ಸೈಟೂ ತೆರೆಯುತ್ತಿಲ್ಲ. ಒಳಗೆ ಹೊಕ್ಕು ನೋಡಿದರೆ ವೆಬ್‌ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಮಾಸ್ಕ್ ಇಲ್ಲವೇ ಇಲ್ಲ. ಮೆಮೊರಿ ಸಾಲದೆ ಕರ್ನಲ್ ಅದನ್ನು ಕೊಂದಿತ್ತು, ಪ್ರೊಕ್‌ಡಿ ಎಬ್ಬಿಸಿತ್ತು, ಮತ್ತೆ ಕೊಂದಿತ್ತು. ಲಾಗಿನ ಕೊನೆಯಲ್ಲಿ 'ಕ್ರ್ಯಾಶ್ ಲೂಪ್' ಅಂತ ಒಂದು ಸಾಲು, ಆಮೇಲೆ ಮೌನ.

ಪುಸ್ತಕ ಓದದವನ ಪಾಡು ಇದು. ಪ್ರೊಕ್‌ಡಿಯ ಮೂಲ ಲೆಕ್ಕ 3600, 5, 5. ಎದ್ದ ಪ್ರೋಗ್ರಾಂ 3600 ಸೆಕೆಂಡು ಬಾಳದೆ ಬಿದ್ದರೆ ಒಂದು ಗೆರೆ. 5 ಸೆಕೆಂಡು ಬಿಟ್ಟು ಮತ್ತೆ ಎಬ್ಬಿಸುತ್ತದೆ. ಗೆರೆ 5 ದಾಟಿದರೆ ಕೈಬಿಡುತ್ತದೆ. ಕೈಬಿಟ್ಟದ್ದನ್ನು ಲಾಗಿನಲ್ಲಿ ಬರೆಯುತ್ತದೆ, ಯಾರಿಗೂ ಕೂಗಿ ಹೇಳುವುದಿಲ್ಲ. ಕೊನೆಯ ಅಂಕಿಯನ್ನು 0 ಮಾಡಿದರೆ ಎಂದೂ ಕೈಬಿಡದು, ಆದರೆ ಆಗ ಬೀಳುವುದು ಏಳುವುದೇ ಉದ್ಯೋಗವಾಗುತ್ತದೆ.

ಎರಿಕ್ಸನ್ ಕಂಪನಿಯಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಜೊತೆಗಾರರು ಟೆಲಿಫೋನ್ ಎಕ್ಸ್‌ಚೇಂಜುಗಳಿಗಾಗಿ 1986ರಲ್ಲಿ ಶುರು ಮಾಡಿದ ಎರ್‌ಲಾಂಗ್ ಭಾಷೆಯಲ್ಲಿ ಇದಕ್ಕೆ ಚೆಂದದ ಪರಿಹಾರ ಇದೆ. ಅಲ್ಲಿ ಸೂಪರ್‌ವೈಸರ್ ತನ್ನ ಕೈಕೆಳಗಿನ ಮಕ್ಕಳನ್ನು, ಅಂದರೆ ಕೆಲಸದ ಪ್ರೋಗ್ರಾಂಗಳನ್ನು, ಎಬ್ಬಿಸುತ್ತದೆ; ಮಿತಿ ಮೀರಿದರೆ ತಾನೂ ಬಿದ್ದು ವಿಷಯವನ್ನು ತನ್ನ ಮೇಲಿನ ಸೂಪರ್‌ವೈಸರ್‌ಗೆ ಮುಟ್ಟಿಸುತ್ತದೆ. ಆ ಏಣಿಯನ್ನೇ ನಾನು ಶೆಲ್ ಸ್ಕ್ರಿಪ್ಟಿನಲ್ಲಿ ಕಟ್ಟಿದೆ. ನಿಮಿಷಕ್ಕೊಮ್ಮೆ ಡಿಎನ್‌ಎಸ್‌ಮಾಸ್ಕ್‌ಗೆ ಒಂದು ಪ್ರಶ್ನೆ, ಅದೂ ನಮ್ಮೂರೊಳಗಿನ ಹೆಸರನ್ನೇ, ಘಟ್ಟದಲ್ಲಿ ಮರ ಬಿದ್ದರೂ ಉತ್ತರ ಬರುವಂಥದ್ದು. ಮೂರು ಸಲ ತಪ್ಪಿದರೆ ಅದೊಂದನ್ನೇ ಎಬ್ಬಿಸು. ಹತ್ತು ತಪ್ಪಿದರೆ ಲಾಗನ್ನು ಮನೆಯ ಕಂಪ್ಯೂಟರಿಗೆ ಕಳಿಸಿ, ವಾಚ್‌ಡಾಗ್ ತಟ್ಟುವುದನ್ನು ನಿಲ್ಲಿಸು. ಒಂದನ್ನೇ ಎಬ್ಬಿಸಲು ಎರಡು ಸೆಕೆಂಡು, ಇಡೀ ಪೆಟ್ಟಿಗೆಗೆ ಒಂದೂವರೆ ನಿಮಿಷ. ಅಜ್ಜಿಗೆ ಮೊದಲನೆಯದು ಗೊತ್ತೇ ಆಗುವುದಿಲ್ಲ. ಅಂದಹಾಗೆ ಹೀಗೆ ಉಳಿದ ಲಾಗಿನಿಂದಲೇ ಸೋರುತ್ತಿದ್ದ ಪ್ರೋಗ್ರಾಂ ಸಿಕ್ಕಿಬಿತ್ತು: ನಾನೇ ಬರೆದು ಮರೆತಿದ್ದ ಬಳಕೆಯ ಲೆಕ್ಕಪತ್ರ.

ಇಷ್ಟಾದ ಮೇಲೂ ಜೋಡಿ ಪೆಟ್ಟಿಗೆಯ ಆಸೆ ಬಿಡಲಿಲ್ಲ. ಕೀಪ್‌ಅಲೈವ್‌ಡಿ ಎಂಬ ಪ್ರೋಗ್ರಾಂ ಹಾಕಿ, ಎರಡು ಪೆಟ್ಟಿಗೆ ಒಂದೇ ವಿಳಾಸ ಹಂಚಿಕೊಳ್ಳುವ ವಿಆರ್‌ಆರ್‌ಪಿ ಪದ್ಧತಿ ಕಟ್ಟಿದೆ. ಒಡೆಯನಾದವನು ಸೆಕೆಂಡಿಗೊಮ್ಮೆ 'ಇದ್ದೇನೆ' ಅನ್ನುತ್ತಾನೆ. ಹೆಚ್ಚುಕಡಿಮೆ ಮೂರೂವರೆ ಸೆಕೆಂಡು ಸದ್ದಿಲ್ಲದಿದ್ದರೆ ಇನ್ನೊಬ್ಬ ಅದೇ ವಿಳಾಸ ಹೊತ್ತು ನಿಲ್ಲುತ್ತಾನೆ. ವಾಟ್ಸಾಪ್ ಕರೆಯ ನಡುವೆ ಪ್ಲಗ್ ಕಿತ್ತೆ. ನಾಲ್ಕು ಎಣಿಸುವಷ್ಟರಲ್ಲಿ ತಂಗಿಯ ದನಿ ಮತ್ತೆ ಬಂತು. ಆ ದಿನ ಬಹಳ ಖುಷಿಯಲ್ಲಿದ್ದೆ.

ಖುಷಿ ಆಗಸ್ಟಿನವರೆಗೆ. ಮೊದಲು ಎರಡರ ನಡುವಿನ ತಂತಿಯನ್ನು ಇಲಿ ಕಡಿಯಿತು; ಇಬ್ಬರೂ 'ನಾನೇ ಒಡೆಯ' ಅಂದರು, ಅರ್ಧ ಊರಿಗೆ ನೆಟ್, ಅರ್ಧ ಊರಿಗೆ ಇಲ್ಲ. ಆಮೇಲೆ ಸಿಡಿಲು. ಕಂಬ ಒಂದೇ, ಬ್ಯಾಟರಿ ಒಂದೇ, ಎರಡೂ ಒಟ್ಟಿಗೇ ಹೋದವು. ಸಾಫ್ಟ್‌ವೇರ್ ಒಂದೇ ಆಗಿದ್ದರೂ ಇದೇ ಗತಿ. 1990ರ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿ ದೂರವಾಣಿ ಜಾಲದಲ್ಲಿ ಒಂದು ಸ್ವಿಚ್ ರೀಸೆಟ್ ಆಗಿ ಎದ್ದು 'ಬಂದೆ' ಅಂತ ನೆರೆಯವಕ್ಕೆ ಸಂದೇಶ ಕಳಿಸಿತು. ಅದೇ ಸಾಫ್ಟ್‌ವೇರ್ ಇದ್ದ ನೆರೆಯ ಸ್ವಿಚ್‌ಗಳು ಆ ಸಂದೇಶದಿಂದಲೇ ಎಡವಿ ಬಿದ್ದು, ಎದ್ದು, ಮತ್ತೆ 'ಬಂದೆ' ಅಂದವು. 114 ಸ್ವಿಚ್‌ಗಳು, ಸುಮಾರು ಒಂಬತ್ತು ತಾಸು ಇದೇ ಗದ್ದಲ. ಇದಕ್ಕೆಲ್ಲ ಮೂಲ, ಸಿ ಭಾಷೆಯಲ್ಲಿ ಬರೆದ ಒಂದು 'ಬ್ರೇಕ್' ಸಾಲಿನ ಎಡವಟ್ಟು.

ಮೂರು ಕಂಪ್ಯೂಟರ್ ಬಹುಮತದಿಂದ ನಾಯಕನನ್ನು ಆರಿಸಿ ಒಂದೇ ದಾಖಲೆ ಇಟ್ಟುಕೊಳ್ಳುವ ರಾಫ್ಟ್ ಪದ್ಧತಿಯನ್ನೂ ನೋಡಿದೆ, ಮನೆಗಳ ಪಟ್ಟಿ ಇಡಲಿಕ್ಕೆ. ಅದನ್ನು ನಡೆಸುವ ಎಟ್‌ಸಿಡಿ ಎಂಬ ಪ್ರೋಗ್ರಾಂ ಒಂದು ಊರಲ್ಲಿ, ಒಂದು ಶಿರಸಿಯಲ್ಲಿ, ಒಂದು ಕಾರವಾರದ ಗೆಳೆಯನ ರೂಮಿನಲ್ಲಿ. ಅದರ ಮೂಲ ಲೆಕ್ಕದಲ್ಲಿ 1000 ಮಿಲಿಸೆಕೆಂಡು ನಾಯಕನ ಸದ್ದಿಲ್ಲದಿದ್ದರೆ ಚುನಾವಣೆ. ನಮ್ಮ ಮಳೆಯಲ್ಲಿ ಗಾಳಿಸಂಪರ್ಕ ಅಷ್ಟು ಹೊತ್ತು ಉಸಿರು ಹಿಡಿಯುವುದು ಮಾಮೂಲು. ದಿನಕ್ಕೆ ಹತ್ತು ಚುನಾವಣೆ! ಅವಧಿಯನ್ನು 5000ಕ್ಕೆ ಏರಿಸಿದ ಮೇಲೆ ತಣ್ಣಗಾಯಿತು. ಕೆಲಸ ಮಾಡುತ್ತದೆ, ಆದರೆ ಮೂವತ್ತೆಂಟು ಹೆಸರಿನ ಪಟ್ಟಿಗೆ ಇಷ್ಟು ಸಂಭ್ರಮ ಬೇಡ. ವಾರಕ್ಕೊಂದು ಪ್ರತಿ ತೆಗೆದಿಟ್ಟರೆ ಸಾಕು.

ಸದ್ಯ ಬೆಟ್ಟದಲ್ಲಿರುವುದು ಒಂದೇ ಪೆಟ್ಟಿಗೆ: ಕೆಳಗೆ ಹಾರ್ಡ್‌ವೇರ್ ವಾಚ್‌ಡಾಗ್, ಮೇಲೆ ಆ ಏಣಿ. ಫರ್ಮ್‌ವೇರಿನ, ಅಂದರೆ ಪೆಟ್ಟಿಗೆಯ ಮೂಲ ಸಾಫ್ಟ್‌ವೇರಿನ, ಎರಡು ಪ್ರತಿ ಇಡುವ ಜಾಗವೂ ಅದರಲ್ಲಿದೆ; ಹೊಸದು ಏಳದಿದ್ದರೆ ಹಳೆಯದಕ್ಕೆ ಮರಳುತ್ತದೆ. ಬರೀ ಬೂಟ್ ಆಯಿತೆಂದು 'ಸರಿ' ಅಂತ ಗುರುತು ಹಾಕಬೇಡಿ. ನನ್ನದು ಬೂಟೇನೋ ಆಗಿತ್ತು, ವೈರ್‌ಲೆಸ್ ಎದ್ದಿರಲಿಲ್ಲ, ಹತ್ತಲೇಬೇಕಾಯಿತು. ಈಗ ಕೆಳಗಿನ ಮನೆಗಳ ಸಂಪರ್ಕ ಹತ್ತು ನಿಮಿಷ ನಿಂತ ಮೇಲಷ್ಟೇ ಗುರುತು ಬೀಳುತ್ತದೆ. ಸಿಡಿಲಿಗೆ ಹೋದ ಜೋಡಿಯ ಬದಲಿಗೆ ಬೇರೆ ಫರ್ಮ್‌ವೇರಿನ ಒಂದು ಪೆಟ್ಟಿಗೆ ತರಿಸಿಟ್ಟಿದ್ದೇನೆ, ಅಟ್ಟದ ಮೇಲೆ ಅಡಿಕೆ ಚೀಲದ ಪಕ್ಕ. ಆಚೆ ದಿಬ್ಬದ ಮನೆಯವರು ಕಂಬ ನೆಡಲು ಒಪ್ಪಿದ್ದಾರೆ. ಅಡಿಕೆ ಕೊನೆ ಕೊಯ್ಲು ಮುಗಿದ ಮೇಲೆ ಬಾ ಅಂದಿದ್ದಾರೆ.