ಯುವನಿಧಿ ಹಣ ಹಿಂದಿರುಗಿಸಿ ಎಂಬ ನೋಟಿಸ್‌ಗೆ ಆಕ್ಷೇಪಣೆ: ಮಡಿಕೇರಿಯ ಉಚಿತ ಕಾನೂನು ನೆರವಿನ ಅನುಭವ

ನನ್ನ ತಂಗಿಯ ಮಗಳಿಗೆ, ಓದು ಮುಗಿಸಿದ ನಿರುದ್ಯೋಗಿಗಳಿಗಾಗಿ ಇರುವ ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಡಿ ಪಡೆದ ಹದಿನಾಲ್ಕು ತಿಂಗಳ ಭತ್ಯೆ ₹42,000ವನ್ನು ಮರುಪಾವತಿಸಬೇಕೆಂದು ನೋಟಿಸ್ ಬಂದಾಗ, ಮನೆಯಲ್ಲಿ ಹೆಚ್ಚಿನವರ ಅಭಿಪ್ರಾಯ ಕೈಗಡ ಮಾಡಿಯಾದರೂ ಕಟ್ಟಿ ಮುಗಿಸೋಣ ಎಂಬುದಾಗಿತ್ತು. ಹಾಗೆ ಮಾಡದೆ ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ವಕೀಲರ ನೆರವು ಪಡೆದೆವು. ಇಂತಹ ನೋಟಿಸ್ ಹಿಡಿದು ಕಂಗಾಲಾಗಿರುವ ಕೊಡಗಿನ ಇತರರಿಗೆ ಉಪಯೋಗವಾಗಲೆಂದು ಆ ಸೇವೆಯ ಬಗ್ಗೆ ಬರೆಯುತ್ತಿದ್ದೇನೆ.

2022–23ರಲ್ಲಿ ಪದವಿ ಮುಗಿಸಿ, 180 ದಿನ ಕಳೆದರೂ ಕೆಲಸ ಸಿಗದವರಿಗೆ ತಿಂಗಳಿಗೆ ₹3,000, ಡಿಪ್ಲೊಮಾ ಪಡೆದವರಿಗೆ ₹1,500, ಕೆಲಸ ಸಿಗುವವರೆಗೆ ಅಥವಾ ಗರಿಷ್ಠ ಎರಡು ವರ್ಷ ನೀಡುವುದಾಗಿ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ ಯೋಜನೆಯಿದು. ತಾನು ನಿರುದ್ಯೋಗಿ ಎಂದು ಫಲಾನುಭವಿ ಸ್ವಯಂ ಘೋಷಣೆ ನೀಡುತ್ತಿರಬೇಕು. ನಮ್ಮ ಹುಡುಗಿ ತಪ್ಪದೆ ನೀಡಿದ್ದಳು. ಆದರೆ ಆಕೆಯ ಹೆಸರಿನಲ್ಲಿ ಭವಿಷ್ಯ ನಿಧಿ ಖಾತೆ ಇರುವುದರಿಂದ ಆಕೆ ಉದ್ಯೋಗಸ್ಥೆ ಎಂದು ನೋಟಿಸ್ ಹೇಳುತ್ತಿತ್ತು. ಯಾವ ಸಂಸ್ಥೆ, ಯಾವ ತಿಂಗಳು ಎಂಬ ವಿವರ ಅದರಲ್ಲಿರಲಿಲ್ಲ.

ಪ್ರಾಧಿಕಾರದ ಪಟ್ಟಿಯಿಂದ ನಮಗೆ ನಿಯೋಜಿಸಲಾದ ಪ್ಯಾನಲ್ ವಕೀಲರು ಆಕೆಯ ಬಡತನದ ಕಥೆಯನ್ನು ಕೇಳಲಿಲ್ಲ. ಭವಿಷ್ಯ ನಿಧಿಯ ಪಾಸ್‌ಬುಕ್ ಮತ್ತು ಮಂಗಳೂರು ವಿಶ್ವವಿದ್ಯಾಲಯದ ಅಂತಿಮ ಸೆಮಿಸ್ಟರ್ ಅಂಕಪಟ್ಟಿಯನ್ನು ಕೇಳಿದರು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಪಾಸ್‌ಬುಕ್‌ನಲ್ಲಿ ಕೊನೆಯ ವಂತಿಗೆ ಜಮೆಯಾದ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, "ಇಲ್ಲಿಗೆ ನಿಂತಿದೆಯಲ್ಲಮ್ಮಾ, ಆಗ ನೀವು ಇನ್ನೂ ಓದುತ್ತಿದ್ದಿರಿ" ಎಂದರು. ಕಾಲೇಜಿನ ರಜೆಯಲ್ಲಿ ಆಕೆ ರೆಸಾರ್ಟೊಂದರಲ್ಲಿ ಕೆಲಸ ಮಾಡಿದ್ದಳು. ಬಿಟ್ಟ ಮೇಲೆ ಆ ಸಂಸ್ಥೆಯವರು ನಿರ್ಗಮನದ ದಿನಾಂಕವನ್ನು ದಾಖಲಿಸಿರಲಿಲ್ಲ. ಹೀಗಾಗಿ ಕಾಗದದಲ್ಲಿ ಆಕೆ ಇನ್ನೂ ಅಲ್ಲಿಯ ನೌಕರಳಾಗಿಯೇ ಉಳಿದಿದ್ದಳು. ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳು ಕಳೆದ ಬಳಿಕ ಈ ದಿನಾಂಕವನ್ನು ಸದಸ್ಯರೇ ಆಧಾರ್ ಒಟಿಪಿ ಬಳಸಿ ಆನ್‌ಲೈನ್‌ನಲ್ಲಿ ನಮೂದಿಸಲು ಅವಕಾಶವಿದೆ ಎಂಬುದು ನಮಗೆ ತಿಳಿದದ್ದೇ ಆಗ. ರಜೆಯಲ್ಲಿ ಹೋಮ್‌ಸ್ಟೇ, ರೆಸಾರ್ಟ್‌ಗಳಲ್ಲಿ ದುಡಿಯುವ ಮಕ್ಕಳು ಈ ಜಿಲ್ಲೆಯಲ್ಲಿ ಎಷ್ಟಿಲ್ಲ! ಭವಿಷ್ಯ ನಿಧಿ ಖಾತೆ ಇರುವ ಪ್ರತಿಯೊಬ್ಬರೂ ಇದನ್ನು ಒಮ್ಮೆ ಪರಿಶೀಲಿಸಿಕೊಳ್ಳಬೇಕು.

ವಕೀಲರ ಕೆಲಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಅವರು ಅನುಸರಿಸಿದ ಕ್ರಮ. ನೋಟಿಸ್‌ನ ಗಡುವು ಮೀರುವ ಮೊದಲೇ ಒಂದು ಪುಟದ ಮಧ್ಯಂತರ ಉತ್ತರ ಸಲ್ಲಿಸಿ, ಯಾವ ದಾಖಲೆಯ ಆಧಾರದ ಮೇಲೆ ಹಣ ಕೇಳಲಾಗಿದೆಯೋ ಅದರ ಪ್ರತಿಯನ್ನೂ ಖುದ್ದು ವಿಚಾರಣೆಯನ್ನೂ ಕೋರಿದರು. ಅದೇ ದಾಖಲೆಗಾಗಿ ₹10 ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿಯನ್ನೂ ಹಾಕಿಸಿದರು. ಪ್ರತಿ ಕಾಗದಕ್ಕೂ ಕಚೇರಿಯ ಟಪಾಲು ವಿಭಾಗದಲ್ಲಿ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಹೊರಬರಬಾರದೆಂದು ತಾಕೀತು ಮಾಡಿದರು. ಹೆಚ್ಚುವರಿಯಾಗಿ ಪಾವತಿಯಾದ ಹಣವನ್ನು ವಸೂಲು ಮಾಡುವ ಬಗ್ಗೆ ಸುಪ್ರೀಂ ಕೋರ್ಟ್ 2014ರಲ್ಲಿ ರಫೀಕ್ ಮಸೀಹ್ ಪ್ರಕರಣದಲ್ಲಿ ನೀಡಿದ ತೀರ್ಪನ್ನು ನೆಂಟರೊಬ್ಬರು ಮೊಬೈಲಿನಲ್ಲಿ ತೋರಿಸಿದಾಗ, ಅದು ನೌಕರರ ವೇತನಕ್ಕೆ ಸಂಬಂಧಿಸಿದ್ದು, ನಮ್ಮ ಪ್ರಕರಣ ಅದರ ಮೇಲೆ ನಿಲ್ಲುವುದಿಲ್ಲ ಎಂದು ನೇರವಾಗಿಯೇ ಹೇಳಿದರು. ಇಲ್ಲದ ಭರವಸೆ ಕೊಡದ ಈ ಪ್ರಾಮಾಣಿಕತೆಗೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ.

ವಿಚಾರಣೆ ಚಿಕ್ಕದಾಗಿಯೇ ಮುಗಿಯಿತು. ದಿನಾಂಕಗಳನ್ನು ಅಧಿಕಾರಿಗಳ ಮುಂದಿಟ್ಟ ಮೇಲೆ ವಾದಿಸಲು ಹೆಚ್ಚೇನೂ ಉಳಿದಿರಲಿಲ್ಲ. ಮರುಪಾವತಿಯ ಬೇಡಿಕೆ ಕೈಬಿಡಲಾಗಿದೆ ಎಂದು ಅವರು ಬಾಯಿಮಾತಿನಲ್ಲಿ ಹೇಳಿದಾಗ ನಾವು ಎದ್ದು ನಿಂತಿದ್ದೆವು. ವಕೀಲರು ಏಳಲಿಲ್ಲ, ಲಿಖಿತ ಆದೇಶ ಕೊಡಿ ಎಂದು ವಿನಯದಿಂದಲೇ ಕೇಳಿದರು. ಆ ಆದೇಶ ಬಳಿಕ ಅಂಚೆಯಲ್ಲಿ ಬಂತು.

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮುಂತಾದವರು ಆದಾಯದ ಮಿತಿಯಿಲ್ಲದೆ ಈ ನೆರವು ಪಡೆಯಬಹುದು. ಉಳಿದವರಿಗೆ ಕರ್ನಾಟಕದಲ್ಲಿ ವಾರ್ಷಿಕ ಆದಾಯ ₹3 ಲಕ್ಷದೊಳಗಿರಬೇಕು. ಈ ಮಿತಿಯನ್ನು ಸ್ವಲ್ಪ ದಾಟಿದ ಕುಟುಂಬದ ಹುಡುಗನೊಬ್ಬನಿಗೆ ಇಂತಹದೇ ನೋಟಿಸ್ ಬಂದರೆ ಅವನು ಖಾಸಗಿ ವಕೀಲರಿಗೆ ಶುಲ್ಕ ತೆರಬೇಕಾಗಿ ಬರಬಹುದು. ನಿರುದ್ಯೋಗಿ ಯುವಕರ ಮಟ್ಟಿಗಾದರೂ ತಂದೆ-ತಾಯಿಯ ಆದಾಯವನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಳೆಗಾಲದಲ್ಲಿ ದೂರದ ಊರುಗಳಿಂದ ಮಡಿಕೇರಿಗೆ ಬರುವುದು ಸುಲಭವಲ್ಲ. ಅಂತಹವರು ತಮ್ಮ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವೆಗಳ ಸಮಿತಿಯನ್ನು ವಿಚಾರಿಸಬಹುದು, ಅಥವಾ 15100 ಸಹಾಯವಾಣಿಗೆ ಕರೆ ಮಾಡಬಹುದು. ಹೋಗುವಾಗ ನೋಟಿಸ್ ಬಂದ ಲಕೋಟೆಯನ್ನೂ ಜೊತೆಗೆ ಒಯ್ಯಿರಿ. ಗಡುವನ್ನು ಎಂದಿನಿಂದ ಎಣಿಸಬೇಕೆಂದು ನಮ್ಮ ವಕೀಲರು ನಿರ್ಧರಿಸಿದ್ದು ಅದರ ಮೇಲಿದ್ದ ಅಂಚೆಮುದ್ರೆಯನ್ನು ನೋಡಿ.