ಉಳದೆ ಉದ್ದು ಬಿತ್ತಲು ಗುಳದ ಕೂರಿಗೆಯೋ, ಡಿಸ್ಕ್ ಕೂರಿಗೆಯೋ?

ಭತ್ತ ಕೊಯ್ದ ಗದ್ದೆಗೆ ಟ್ರ್ಯಾಕ್ಟರ್ ಎಳೆದು ಬೀಜ ಬಿತ್ತುವ ಯಾವ ಕೂರಿಗೆ ತರಲಿ ಎಂದರೆ, ಮೊದಲು ನೋಡಬೇಕಾದ್ದು ಬೆಲೆಯಲ್ಲ, ಹುಲ್ಲು. ಕೈಯಲ್ಲಿ ಕೊಯ್ದು ಹುಲ್ಲು ಸಾಗಿಸಿದ್ದರೆ ಚೂಪು ಮೊನೆಯಿಂದ ಮಣ್ಣು ಸೀಳುವ ಗುಳದ ಕೂರಿಗೆ ಸಾಕು. ಕಟಾವು ಯಂತ್ರ ಬಿಟ್ಟ ಸಡಿಲ ಹುಲ್ಲಿದ್ದರೆ ಅದೇ ಗುಳ ಎಲ್ಲವನ್ನೂ ಬಾಚಿ ಗುಡ್ಡೆ ಹಾಕುತ್ತದೆ. ಅಲ್ಲಿ ಉರುಳುವ ತಟ್ಟೆಯಿಂದ ಮಣ್ಣು ಸೀಳುವ ಡಿಸ್ಕ್ ಮೇಲು. ಆದರೆ ಹಸಿ ಹುಲ್ಲನ್ನು ಡಿಸ್ಕ್ ಕತ್ತರಿಸದೆ ಮಡಚಿ ಸಾಲಿನೊಳಗೆ ತುರುಕುತ್ತದೆ, ಬೀಜ ಮಣ್ಣಿಗೆ ತಾಗುವುದೇ ಇಲ್ಲ. ಮಲೆನಾಡಿನ ಇಬ್ಬನಿ ಆರುವವರೆಗೆ ಕಾಯಿರಿ.

ಆಳ ಎರಡರಲ್ಲೂ 3–5 ಸೆಂ.ಮೀ. ಹತ್ತು ಹೆಜ್ಜೆ ಎಳೆದು ಇಳಿದು, ಸಾಲು ಕೆದಕಿ ಅಳೆಯಿರಿ. ಸೀಳಿದ ಮಣ್ಣು ನುಣ್ಣಗೆ ಮಿನುಗಿದರೆ ಹದ ಇನ್ನೂ ಬಂದಿಲ್ಲ.

ಗುಳದ್ದು ಅಗ್ಗ, ಸವೆದ ಮೊನೆಗೆ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಗಟ್ಟಿ ಲೋಹ ಹಚ್ಚಿಸಬಹುದು. ಡಿಸ್ಕ್ ಭಾರ, ದೊಡ್ಡ ಟ್ರ್ಯಾಕ್ಟರ್ ಬೇಡುತ್ತದೆ, ಬೇರಿಂಗ್ ಅಲುಗಾಡಿದರೆ ಸಾಲೂ ಅಲುಗಾಡುತ್ತದೆ. ಭದ್ರಾ ಕಾಲುವೆಯ ಬಯಲಲ್ಲಿ ಇದಕ್ಕೆಲ್ಲ ಜಾಗವಿದೆ. ತೀರ್ಥಹಳ್ಳಿ, ಹೊಸನಗರದ ಮೆಟ್ಟಿಲು ಗದ್ದೆಗೆ ಎರಡೂ ಬೇಡ, ಕೈಯಲ್ಲಿ ಊರುವುದೇ ಲೇಸು.

ಯಾವುದನ್ನೇ ತನ್ನಿ, ಕೂರಿಗೆ ಮಣ್ಣಿನಲ್ಲಿದ್ದಾಗ ಟ್ರ್ಯಾಕ್ಟರ್ ಹಿಂದಕ್ಕೆ ತೆಗೆಯಬೇಡಿ. ಬೀಜದ ಕೊಳವೆಗೆ ಮಣ್ಣು ತುಂಬಿ, ಸಾಲು ಖಾಲಿ ಬಿದ್ದದ್ದು ಮೊಳಕೆ ಬಂದಾಗಲೇ ಗೊತ್ತಾಗುವುದು.