ಎರಡು ದಿನ, ಮೂರೂವರೆ ಸಾವಿರ, ಒಂದು ಎಡ ತಿರುವು

ಬೈಕನ್ನು ತಿರುವಿನಲ್ಲಿ ಓಡಿಸುವುದನ್ನು ಕಲಿಸುವ ಎರಡು ದಿನದ ಕ್ಲಾಸಿಗೆ ಹೋಗಿ ಬಂದೆ. ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಕಲಿಸಿದ್ದಕ್ಕೆ 10ಕ್ಕೆ 9. ವ್ಯವಸ್ಥೆಗೆ 10ಕ್ಕೆ 4. ಬೆಳಿಗ್ಗೆ 7ಕ್ಕೆ ಬನ್ನಿ ಎಂದವರು 8 ಗಂಟೆ 10 ನಿಮಿಷಕ್ಕೆ ಶುರು ಮಾಡಿದರು. ನೀರಿನ ಕ್ಯಾನ್ ತಂದಿದ್ದರು, ಲೋಟ ಮರೆತಿದ್ದರು. ಆದರೂ ಮುಂದಿನ ಬ್ಯಾಚಿಗೆ ನನ್ನ ಅಕ್ಕನ ಮಗನ ಹೆಸರು ಬರೆಸಿ ಬಂದಿದ್ದೇನೆ.

ನನ್ನದು ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಸಣ್ಣ ಮಷಿನ್ ಶಾಪ್. ಮೂರು ಲೇತ್, ಒಂದು ಸಿಎನ್‌ಸಿ, ಐದು ಹುಡುಗರು. ವಯಸ್ಸು 48. ಇಪ್ಪತ್ತು ವರ್ಷ ಸ್ಪ್ಲೆಂಡರ್ ಓಡಿಸಿದವನು ಹೋದ ದೀಪಾವಳಿಗೆ ರಾಯಲ್ ಎನ್‌ಫೀಲ್ಡ್‌ನ ಮೀಟಿಯೋರ್ 350 ತಂದೆ. ಕ್ರೂಸರ್, ಅಂದರೆ ಆರಾಮಾಗಿ ಕೂತು ದೂರ ಹೋಗುವ ಗಾಡಿ. ಮಗಳು ಹಾಸ್ಟೆಲ್‌ಗೆ ಹೋದಳು, ಮನೆಯಲ್ಲಿ ಇಬ್ಬರೇ, ಭಾನುವಾರ ಸುಮ್ನೆ ಎಲ್ಲಾದರೂ ಹೋಗಿ ಬರೋಣ ಅಂತ. ಗಾಡಿ 191 ಕೆ.ಜಿ., ಸೀಟಿನ ಎತ್ತರ 765 ಮಿ.ಮೀ. ನನ್ನಂಥ ಕುಳ್ಳನಿಗೂ ಎರಡೂ ಕಾಲು ನೆಲಕ್ಕೆ ಸಿಗುತ್ತವೆ. ಹೆದ್ದಾರಿಯಲ್ಲಿ ನೇರ ಹೊರಟರೆ ಸೋಫಾದ ಮೇಲೆ ಕೂತ ಹಾಗೆ. ತೊಂದರೆ ಶುರುವಾದದ್ದು ರಸ್ತೆ ತಿರುಗಿದಾಗ.

ಜನವರಿಯಲ್ಲಿ ಒಬ್ಬನೇ ಗೋವಾ ರಸ್ತೆಯ ಚೋರ್ಲಾ ಘಾಟ್ ಕಡೆ ಹೋಗಿದ್ದೆ. ಜಾಂಬೋಟಿಯವರೆಗೆ ಎಲ್ಲ ಚೆನ್ನಾಗಿತ್ತು. ಕಣಕುಂಬಿ ದಾಟಿದ ಮೇಲೆ ಒಂದು ಎಡ ತಿರುವು. ಒಳಗೆ ಹೋದ ಮೇಲೆ ಗೊತ್ತಾಯಿತು, ಅದು ಮುಗಿಯುತ್ತಲೇ ಇಲ್ಲ, ಇನ್ನೂ ಬಿಗಿಯಾಗುತ್ತಿದೆ. ಎದುರಿಗೆ ಒಂದು ಟೆಂಪೊ. ನಾನು ಮಾಡಿದ್ದು ಮೂರು ಕೆಲಸ, ಮೂರೂ ತಪ್ಪು. ಆಕ್ಸಿಲರೇಟರ್ ಪೂರ್ತಿ ಬಿಟ್ಟೆ. ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದೆ. ಕಣ್ಣು ಆ ಟೆಂಪೊದ ಬಂಪರ್ ಮೇಲೆ ನೆಟ್ಟೆ. ವಾಲಿದ್ದ ಗಾಡಿ ಎದ್ದು ನಿಂತು ಸೀದಾ ಆ ಬಂಪರ್ ಕಡೆಗೇ ಹೊರಟಿತು. ಪುಣ್ಯಕ್ಕೆ ಟೆಂಪೊದವನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ ಒಂದೇ ಮಾತು ಕೇಳಿದ: "ಮನ್ಯಾಗ ಹೇಳಿ ಬಂದೀಯೇನ?"

ಹೇಳಿ ಬಂದಿರಲಿಲ್ಲ. ಮನೆಗೆ ಹೋದ ಮೇಲೂ ಹೇಳಲಿಲ್ಲ. ಒಂದೂವರೆ ತಿಂಗಳು ಗಾಡಿಯನ್ನು ತಿಲಕವಾಡಿಯಿಂದ ಉದ್ಯಮಬಾಗ್‌ಗೆ, ಉದ್ಯಮಬಾಗ್‌ನಿಂದ ತಿಲಕವಾಡಿಗೆ ಓಡಿಸಿದೆ, ಅಷ್ಟೇ. ನಮ್ಮ ಶಾಪಿಗೆ ಬುಷ್ ಮಾಡಿಸಲು ಬರುವ ಗ್ಯಾರೇಜಿನವರೊಬ್ಬರು ಈ ಕ್ಲಾಸಿನ ಸುದ್ದಿ ಹೇಳಿದರು. ಶನಿವಾರ, ಭಾನುವಾರ, ಎರಡು ದಿನ, 3500 ರೂಪಾಯಿ, ಗಾಡಿ ನಿಮ್ಮದೇ.

ಕಲಿಸುವ ಹುಡುಗನಿಗೆ 27 ಇರಬಹುದು. ಕೊಯಮತ್ತೂರಿನ ಕರಿ ಟ್ರ್ಯಾಕ್‌ನಲ್ಲಿ ಓಡಿಸಿ ಬಂದವನಂತೆ. ಹೆಸರು ಬರೆಯಬೇಡಿ, ಆರು ಜನರಿಗಿಂತ ಜಾಸ್ತಿ ಬಂದರೆ ನನ್ನಿಂದ ಆಗಲ್ಲ ಎಂದಿದ್ದಾನೆ, ಅದಕ್ಕೆ ಬರೆಯುತ್ತಿಲ್ಲ. ಬೆಳಗಾವಿ ಕ್ಯಾಂಪ್ ಕಡೆಯ ಗ್ಯಾರೇಜುಗಳಲ್ಲಿ ವಿಚಾರಿಸಿದರೆ ಹೇಳುತ್ತಾರೆ. ನನ್ನನ್ನು ನೋಡಿದ ಮೊದಲ ನಿಮಿಷದಿಂದ "ಕಾಕಾ". ನನಗೆ ಒಳಗೊಳಗೇ ಸಿಟ್ಟು ಬಂತು. ಇವನ ವಯಸ್ಸಿನ ಹುಡುಗರಿಗೆ ನಾನು ದಿನಾ ಮೈಕ್ರೋಮೀಟರ್ ಹಿಡಿಯುವುದನ್ನು ಹೇಳಿಕೊಡುತ್ತೇನೆ.

ಜಾಗ ಮಚ್ಛೆ ಕಡೆಯ ಒಂದು ಖಾಲಿ ಲೇಔಟ್. ರಸ್ತೆ ಆಗಿದೆ, ಮನೆ ಒಂದೂ ಇಲ್ಲ. ಟೆನಿಸ್ ಚೆಂಡನ್ನು ಅರ್ಧಕ್ಕೆ ಕತ್ತರಿಸಿ ಬೋರಲು ಹಾಕಿ ಗುರುತು ಮಾಡಿದ್ದರು. ಚಕ್ರ ಹತ್ತಿದರೂ ಗಾಡಿ ಬೀಳಬಾರದು ಅಂತ. ಆದರೆ ಒಂದು ಮೂಲೆಯಲ್ಲಿ ಸಣ್ಣ ಜಲ್ಲಿ ಹರಡಿತ್ತು. ಅದನ್ನು ಹಿಂದಿನ ದಿನವೇ ಗುಡಿಸಬೇಕಿತ್ತು. ನಾವೇ ಪೊರಕೆ ಹಿಡಿದೆವು. ಚಪ್ಪಲಿ ಹಾಕಿಕೊಂಡು ಬಂದಿದ್ದ ಒಬ್ಬನನ್ನು ಬೂಟು ಹಾಕಿಕೊಂಡು ಬಾ ಎಂದು ವಾಪಸ್ ಕಳಿಸಿದರು. ಅದು ನನಗೆ ಹಿಡಿಸಿತು.

ಮೊದಲ ಎರಡು ಗಂಟೆ ಬರೀ ನಿಧಾನ. ಎಂಟರ ಆಕಾರ, ಯೂ ಟರ್ನ್. ಹಾಫ್ ಕ್ಲಚ್‌ನಲ್ಲಿ ಗಾಡಿಯನ್ನು ತೂಗಿಸಿಕೊಂಡು, ಹಿಂದಿನ ಬ್ರೇಕನ್ನು ಕಾಲಿನಿಂದ ಸವರಿದ ಹಾಗೆ ಒತ್ತಿಕೊಂಡು, ತಲೆಯನ್ನು ಪೂರ್ತಿ ಹೊರಳಿಸಿ ಹೋಗಬೇಕಾದ ಕಡೆ ನೋಡಬೇಕು. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಮುಟ್ಟಲೇಬಾರದು. ಮುಟ್ಟಿದೆ. ಬಿದ್ದೆ. 191 ಕೆ.ಜಿ. ಎಂದರೆ ಏನು ಎಂದು ಆಗ ತಿಳಿಯಿತು. ಎತ್ತುವುದನ್ನೂ ಕಲಿಸಿದರು: ಬೆನ್ನನ್ನು ಸೀಟಿಗೆ ಕೊಟ್ಟು ಕುಕ್ಕರಿಸಿ, ಒಂದು ಕೈ ಹ್ಯಾಂಡಲ್‌ಗೆ, ಇನ್ನೊಂದು ಹಿಂದಿನ ಹಿಡಿಗೆ, ಕಾಲಿನ ಬಲದಿಂದ ಹಿಂದಕ್ಕೆ ಹೆಜ್ಜೆ ಇಡುತ್ತ ಎಬ್ಬಿಸುವುದು. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ತೆಗೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಎತ್ತಿದ ಗಾಡಿ ಆಚೆ ಕಡೆ ಬೀಳುತ್ತದೆ. ನಮ್ಮ ಗುಂಪಿನಲ್ಲಿ ಗೋಕಾಕದ ಟೀಚರ್ ಒಬ್ಬರಿದ್ದರು. ನನಗಿಂತ ಅರ್ಧ ತೂಕ. ನನಗಿಂತ ಬೇಗ ಎತ್ತಿದರು.

ಆಮೇಲೆ ಬಂತು ನಾನು ನಂಬದ ಮಾತು. ವೇಗದಲ್ಲಿ ಎಡಕ್ಕೆ ತಿರುಗಬೇಕಾದರೆ ಎಡಗಡೆ ಹಿಡಿಕೆಯನ್ನು ಮುಂದಕ್ಕೆ ಒತ್ತಬೇಕು. ಅಂದರೆ ಹ್ಯಾಂಡಲ್ ಒಂದು ಕ್ಷಣ ಬಲಕ್ಕೆ ಹೋಗುತ್ತದೆ, ಗಾಡಿ ಎಡಕ್ಕೆ ವಾಲುತ್ತದೆ. ನಾನು ವಾದಕ್ಕೆ ಇಳಿದೆ. ಹುಡುಗ ವಾದ ಮಾಡಲಿಲ್ಲ. "35ರಾಗ ಹೋಗ್ರಿ ಕಾಕಾ, ಎಡಗೈ ಅಂಗೈಲೆ ಸ್ವಲ್ಪ ಒತ್ತ್ರಿ, ನೋಡ್ರಿ" ಎಂದ. ಒತ್ತಿದೆ. ಗಾಡಿ ಎಡಕ್ಕೆ ಬಾಗಿತು. ಇಪ್ಪತ್ತು ವರ್ಷ ಸ್ಪ್ಲೆಂಡರ್ ಮೇಲೆ ನಾನು ಮಾಡುತ್ತಿದ್ದದ್ದೂ ಇದನ್ನೇ, ಗೊತ್ತಿಲ್ಲದೆ. ಅದು ಹಗುರ ಗಾಡಿ, ಸೊಂಟ ಅಲ್ಲಾಡಿಸಿದರೂ ತಿರುಗಿದ ಹಾಗೆ ಅನಿಸುತ್ತಿತ್ತು. ಕ್ರೂಸರ್ ಉದ್ದ, ಭಾರ, ಕಾಲು ಮುಂದೆ ಚಾಚಿರುತ್ತದೆ. ಕಾಲೂರಿ ಎದ್ದು ಮೈಭಾರ ಬದಲಿಸಲು ಆಗುವುದಿಲ್ಲ. ಕೈಯಿಂದಲೇ ಹೇಳಬೇಕು.

ಮಧ್ಯಾಹ್ನದ ಪಾಠವೇ ನನಗೆ ಇಡೀ ಮೂರೂವರೆ ಸಾವಿರಕ್ಕೆ ಸಮ. ದೊಡ್ಡ ವೃತ್ತದಲ್ಲಿ ಒಂದೇ ವೇಗ, ಆಕ್ಸಿಲರೇಟರ್ ಕದಲಿಸದೆ ಸುತ್ತು ಹಾಕಿಸಿದರು. ಗಾಡಿ ಹಳಿಯ ಮೇಲೆ ಇದ್ದ ಹಾಗೆ. ಮುಂದಿನ ಸುತ್ತಿನಲ್ಲಿ, ಅದೇ ವಾಲಿಕೆಯಲ್ಲಿ, "ಈಗ ಬಿಡ್ರಿ" ಎಂದು ಕೂಗಿದರು. ಆಕ್ಸಿಲರೇಟರ್ ಬಿಟ್ಟೆ. ಮುಂಭಾಗ ಕುಸಿಯಿತು, ಎಡ ಫೂಟ್‌ರೆಸ್ಟ್ ಕರ್ರ್ ಎಂದು ರಸ್ತೆ ಉಜ್ಜಿತು. ವಾಲಿಕೆ ಅಷ್ಟೇ, ಆದರೆ ಭಾರ ಮುಂದಕ್ಕೆ ಬಂದು ಸಸ್ಪೆನ್ಶನ್ ತಗ್ಗಿದ್ದಕ್ಕೆ ನೆಲ ಹತ್ತಿರವಾಯಿತು.

ಲೇತ್ ಮುಂದೆ ನಿಂತವರಿಗೆ ಇದು ಗೊತ್ತಿರುತ್ತದೆ. ಕಟ್ ನಡೆಯುವಾಗ ನಡುವೆ ಫೀಡ್, ಅಂದರೆ ಟೂಲ್ ಮುಂದೆ ಸಾಗುವುದನ್ನು, ನಿಲ್ಲಿಸಿದರೆ ಕತ್ತರಿಸುತ್ತಿರುವ ಜಾಬ್ ಮೇಲೆ ಗೆರೆ ಬೀಳುತ್ತದೆ. ಎಷ್ಟು ಫೀಡ್, ಎಷ್ಟು ಕಟ್ ಎಂಬುದನ್ನು ಟೂಲ್ ತಾಗುವ ಮೊದಲೇ ಲೆಕ್ಕ ಹಾಕಿರಬೇಕು. ತಾಗಿದ ಮೇಲೆ ಹೆದರಿ ಕೈ ಎಳೆದರೆ ಆ ಪೀಸ್ ಸ್ಕ್ರ್ಯಾಪ್. ನಾನು ನನ್ನ ಹುಡುಗರಿಗೆ ಬೈದು ಹೇಳುವ ಮಾತು ಇದು. ಘಾಟ್‌ನಲ್ಲಿ ನಾನೇ ಮರೆತಿದ್ದೆ. ಬ್ರೇಕ್, ಗೇರ್, ಎಲ್ಲ ತಿರುವಿನ ಹೊರಗೆ, ಗಾಡಿ ನೆಟ್ಟಗಿರುವಾಗಲೇ ಮುಗಿಯಬೇಕು. ಒಳಗೆ ಹೋದ ಮೇಲೆ ಆಕ್ಸಿಲರೇಟರ್ ಒಂದು ಎಳೆ ತೆರೆದೇ ಇರಬೇಕು. ಎಬಿಎಸ್ ಇದೆ ಎಂಬ ಧೈರ್ಯವೂ ನನಗೆ ಇತ್ತು. ಎಬಿಎಸ್ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ. ತಿರುವನ್ನು ಅದು ತಿರುಗಿಸಿ ಕೊಡುವುದಿಲ್ಲ.

ರಾತ್ರಿ ಮನೆಯಲ್ಲಿ ಲೆಕ್ಕ ಹಾಕಿದೆ, ಅದು ನನ್ನ ಚಟ. 30 ಮೀಟರ್ ರೇಡಿಯಸ್‌ನ ತಿರುವು ಎಂದುಕೊಳ್ಳಿ. ಗಂಟೆಗೆ 30 ಕಿ.ಮೀ. ವೇಗಕ್ಕೆ ಗಾಡಿ ಸುಮಾರು 13 ಡಿಗ್ರಿ ವಾಲಬೇಕು. 40ಕ್ಕೆ 23. 50ಕ್ಕೆ 33. ಕ್ರೂಸರ್‌ಗಳ ಫೂಟ್‌ರೆಸ್ಟ್ ಸಾಮಾನ್ಯವಾಗಿ 30 ಡಿಗ್ರಿಯ ಆಸುಪಾಸಿನಲ್ಲೇ ನೆಲ ಮುಟ್ಟುತ್ತದೆ. ಅಂದರೆ 40ರಲ್ಲಿ ಹೋದವನಿಗೆ ಕೈಯಲ್ಲಿ ಒಂದಿಷ್ಟು ಉಳಿದಿರುತ್ತದೆ, 50ರಲ್ಲಿ ಹೋದವನಿಗೆ ಏನೂ ಉಳಿದಿಲ್ಲ. ಸ್ಪೀಡೋಮೀಟರ್‌ನಲ್ಲಿ ವ್ಯತ್ಯಾಸ ಬರೀ 10. ಜನವರಿಯ ಆ ತಿರುವಿಗೆ ನಾನು ಎಷ್ಟರಲ್ಲಿ ನುಗ್ಗಿದ್ದೆ ಎಂದು ನೆನಪು ಮಾಡಿಕೊಳ್ಳಲು ಹೋಗಲಿಲ್ಲ.

ಭಾನುವಾರ ಜಾಂಬೋಟಿ ರಸ್ತೆ. ಪೀರನವಾಡಿಯಲ್ಲಿ ಸೇರಿದೆವು. ಐದಾರು ತಿರುವು ಓಡಿಸುವುದು, ನಿಲ್ಲಿಸುವುದು, ಬೈಸಿಕೊಳ್ಳುವುದು, ಮತ್ತೆ ಹೊರಡುವುದು. ಹುಡುಗ ಹಿಂದಿನಿಂದ ಎಲ್ಲ ನೋಡಿರುತ್ತಾನೆ. "ಕಾಕಾ, ಕಣ್ಣ ಎಲ್ಲಿ ಅದಾವು? ಮುಂದಿನ ಗಾಲಿ ಮುಂದ ಹತ್ತ ಫೂಟ್ ನೋಡಾಕತ್ತೀರಿ. ಅಲ್ಲಿ ಏನ್ ಬಿದ್ದೈತಿ?" ನಿಜಕ್ಕೂ ನಾನು ಬಿದ್ದ ನಾಣ್ಯ ಹುಡುಕುತ್ತಿದ್ದವನ ಹಾಗೆ ರಸ್ತೆಯನ್ನೇ ನೋಡುತ್ತಿದ್ದೆ.

ಅವನು ತೋರಿಸಿದ್ದು ಒಂದು ಚೂಪು. ತಿರುವಿನಲ್ಲಿ ರಸ್ತೆಯ ಎರಡೂ ಅಂಚು ದೂರದಲ್ಲಿ ಒಂದಕ್ಕೊಂದು ಕೂಡಿದ ಹಾಗೆ ಕಾಣುತ್ತವೆ ಅಲ್ವಾ, ಆ ಜಾಗ. "ಆ ಚೂಪು ನಿಮ್ಮ ಕಡಿ ಬರಾಕತ್ತಿತ್ತಂದ್ರ ತಿರುವು ಬಿಗಿ ಆಗಾಕತ್ತೈತಿ, ವೇಗ ಇಳಸ್ರಿ. ನಿಮ್ಮನ್ನ ಬಿಟ್ಟು ದೂರ ಓಡಾಕತ್ತಿತ್ತಂದ್ರ ರಸ್ತಾ ಬಿಚ್ಚಾಕತ್ತೈತಿ, ಅದರ ಹಿಂದ ಹೋಗ್ರಿ." ಇದನ್ನು ಕೇಳಿದ ಮೇಲೆ ಹತ್ತು ತಿರುವು ಆ ಚೂಪನ್ನು ಬೆನ್ನಟ್ಟಿಕೊಂಡು ಹೋದೆ. ಹನ್ನೊಂದನೆಯದರಲ್ಲಿ ಅದು ನನ್ನ ಕಡೆ ಬಂತು. ಎಡಗಡೆ ಕಾಡು, ಮುಂದೆ ಏನೂ ಕಾಣುತ್ತಿಲ್ಲ. ಆದರೆ ಗೊತ್ತಾಯಿತು, ಮೊದಲೇ ಗೊತ್ತಾಯಿತು. ಗಾಡಿ ಇನ್ನೂ ನೆಟ್ಟಗೇ ಇತ್ತು. ಸೆಕೆಂಡ್ ಗೇರಿಗೆ ಇಳಿಸಿ ನಿಧಾನ ಒಳಗೆ ಹೋದೆ. ಹೆಲ್ಮೆಟ್ ಒಳಗೆ ಒಬ್ಬನೇ ನಕ್ಕೆ.

ಇನ್ನೊಂದು ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಬಲ ತಿರುವಿನಲ್ಲಿ ಚಕ್ರ ನಮ್ಮ ಕಡೆಯೇ ಇದ್ದರೂ, ವಾಲಿದಾಗ ತಲೆ ನಡುಗೆರೆ ದಾಟಿ ಆಚೆ ಇರುತ್ತದೆ. ಎದುರಿನ ಬಸ್ಸಿನ ಕನ್ನಡಿ ಅಲ್ಲೇ ಬರುತ್ತದೆ. ಅದಕ್ಕೆ ಬಲ ತಿರುವಿನಲ್ಲಿ ಎಡ ಅಂಚಿನ ಹತ್ತಿರವೇ ಇದ್ದು, ಆಚೆ ಕಡೆಯ ರಸ್ತೆ ಕಾಣುವವರೆಗೆ ಒಳಗೆ ಬರಬಾರದು. ಟ್ರ್ಯಾಕ್‌ನಲ್ಲಿ ಹೊರಗೆ, ಒಳಗೆ, ಹೊರಗೆ ಎಂದು ಹೋಗುವವರ ವಿಡಿಯೊ ನೋಡಿ ಘಾಟ್‌ಗೆ ಬರುವ ಹುಡುಗರಿಗೆ ಇದನ್ನು ಮೊದಲು ಹೇಳಬೇಕು. ಟ್ರ್ಯಾಕ್‌ನಲ್ಲಿ ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬರುವುದಿಲ್ಲ.

ದೂರು ಇರುವುದು ಇಲ್ಲಿ. ಕಣಕುಂಬಿಗೆ ಹೋಗಿ ಚಹಾ ಕುಡಿಸಿ ವಾಪಸ್ ಕರೆತಂದರು. ಗೋವಾ ಕಡೆಗೆ ಘಾಟ್ ಇಳಿಸಲೇ ಇಲ್ಲ. ಭಾನುವಾರ ಗಾಡಿಗಳು ಜಾಸ್ತಿ, ಆರು ಜನರನ್ನು ಒಟ್ಟಿಗೆ ನೋಡಿಕೊಳ್ಳುವುದು ಕಷ್ಟ ಎಂದರು. ಒಪ್ಪುತ್ತೇನೆ. ಆದರೆ ಇಳಿಜಾರಿನ ತಿರುವೇ ಅಲ್ವಾ ನಿಜವಾದ ಪರೀಕ್ಷೆ? ಭಾರ ಮೊದಲೇ ಮುಂದಿನ ಚಕ್ರದ ಮೇಲೆ ಇರುತ್ತದೆ. ಅದನ್ನು ಚಹಾದ ಅಂಗಡಿಯ ಮುಂದೆ ನಿಂತು, ಬಿಸ್ಕತ್ ಪೊಟ್ಟಣವನ್ನು ಗಾಡಿ ಮಾಡಿಕೊಂಡು ವಿವರಿಸಿದರು. ಸೆಕೆಂಡ್ ಗೇರ್ ಹಾಕಿ, ಎಂಜಿನ್ ಹಿಡಿಯಲಿ, ಬ್ರೇಕ್ ಇನ್ನೂ ಬೇಗ ಮುಗಿಸಿ. ಸರಿ. ಬಿಸ್ಕತ್ ಚೆನ್ನಾಗಿ ತಿರುಗಿತು. ಮೂರನೆಯ ದಿನ ಇಟ್ಟು ಸಾವಿರ ರೂಪಾಯಿ ಜಾಸ್ತಿ ಕೇಳಿದರೂ ಕೊಡುತ್ತೇನೆ.

ಹೊರಡುವಾಗ ಹುಡುಗ ನನ್ನ ಗಾಡಿಯ ಹಿಂದಿನ ಶಾಕ್ ಅಬ್ಸಾರ್ಬರ್ ನೋಡಿ, "ಕಾಕೂನ್ನ ಕೂಡಿಸ್ಕೊಂಡು ಹೋಗ್ತೀರಿ?" ಎಂದು ಕೇಳಿದ. ಹೌದು ಎಂದೆ. ಪ್ರಿಲೋಡ್, ಅಂದರೆ ಸ್ಪ್ರಿಂಗ್‌ನ ಬಿಗಿ, ಆರು ಹಂತದ್ದು, ನನ್ನದು ಇನ್ನೂ ಕೆಳಗಿನ ಹಂತದಲ್ಲೇ ಇತ್ತು. ಇಬ್ಬರು ಕೂತರೆ ಹಿಂಭಾಗ ಕುಸಿಯುತ್ತದೆ, ಫೂಟ್‌ರೆಸ್ಟ್ ಇನ್ನೂ ಬೇಗ ನೆಲ ಮುಟ್ಟುತ್ತದೆ. ಇದನ್ನು ಮಷಿನ್ ಶಾಪ್ ಇಟ್ಟುಕೊಂಡವನಿಗೆ ಒಬ್ಬ ಹುಡುಗ ಹೇಳಬೇಕಾಯಿತು. ಮನೆಗೆ ಬಂದು ಸಿ ಸ್ಪ್ಯಾನರ್ ಹಾಕಿ ಐದನೆಯ ಹಂತಕ್ಕೆ ತಿರುಗಿಸಿದೆ. ಅವನು ಇನ್ನೊಂದೂ ಹೇಳಿದ್ದ: "ಕಾಕೂಗ ಹೇಳ್ರಿ, ತಿರುವು ಯಾವ ಕಡಿ ಐತೋ ಆ ಕಡಿ ನಿಮ್ಮ ಹೆಗಲ ಮ್ಯಾಲಿಂದ ನೋಡ್ರಿ ಅಂತ. ಅಷ್ಟ ಸಾಕು." ನಮ್ಮವಳು ಅಲ್ಲಿಯವರೆಗೆ ನಾನು ಎಡಕ್ಕೆ ವಾಲಿದರೆ ಬಲಕ್ಕೆ ಎಳೆಯುತ್ತಿದ್ದಳು. ನನ್ನ ಜಾಕೆಟ್‌ನ ಹೊಲಿಗೆ ಒಂದು ಕಡೆ ಬಿಚ್ಚಿದ್ದು ಅದಕ್ಕೇ.

ಎರಡು ವಾರ ಬಿಟ್ಟು ಇಬ್ಬರೂ ಕಣಕುಂಬಿಗೆ ಹೋದೆವು. ಮಲಪ್ರಭೆ ಹುಟ್ಟುವ ಜಾಗ ನೋಡಿ, ಮಾವುಲಿ ದೇವಿಗೆ ಕೈ ಮುಗಿದು, ಸ್ವಲ್ಪ ಮುಂದೆ ಆ ಎಡ ತಿರುವಿನವರೆಗೂ ಹೋಗಿ ಬಂದೆವು. ಆ ತಿರುವಿನ ಕಥೆ ಅವಳಿಗೆ ಈಗಲೂ ಗೊತ್ತಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತದೆ. ವೇಗ 35 ದಾಟಲಿಲ್ಲ. ಫೂಟ್‌ರೆಸ್ಟ್ ಸದ್ದು ಮಾಡಲಿಲ್ಲ. ಮನೆಗೆ ಬಂದು ಹೆಲ್ಮೆಟ್ ತೆಗೆಯುತ್ತ, "ಇವತ್ತ ಹಿಂದ ಕುಂತು ನಿದ್ದಿ ಬಂದಂಗ ಆಗಿತ್ತು ನೋಡ್ರಿ" ಎಂದಳು.

ಆ ಹುಡುಗನಿಗೆ ಫೋನ್ ಮಾಡಿ ಇದನ್ನು ಹೇಳಿದೆ. ಜೋರಾಗಿ ನಕ್ಕ. ಮುಂದಿನ ಬ್ಯಾಚ್ ಮಳೆಗಾಲ ಮುಗಿದ ಮೇಲೆ. ಹೋಗುವವರು ಪಾದ ಪೂರ್ತಿ ಮುಚ್ಚುವ ಬೂಟು, ಕೈಗವಸು ಹಾಕಿಕೊಂಡು ಹೋಗಿ. ಟೈರಿನ ಗಾಳಿಯನ್ನು ಹಿಂದಿನ ದಿನವೇ ಮ್ಯಾನ್ಯುಅಲ್ ನೋಡಿ ಸರಿಮಾಡಿಸಿ. 7 ಎಂದರೆ 8ಕ್ಕೆ ಹೋದರೆ ಸಾಕು. ಲೋಟ ಮಾತ್ರ ನೀವೇ ತೆಗೆದುಕೊಂಡು ಹೋಗಿ.